ಗಿವ್ ಮಿ ಎ ಹ್ಯಾಂಡ್ ಎಂದರೆ ಕೈಕೊಡು ಎಂದಲ್ಲ

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನು ಇಂಗ್ಲಿಷಿನ ನುಡಿಗಟ್ಟು, ಇಂಗ್ಲಿಷಿನ ವ್ಯಾಕರಣ ಎಂದು ಮಾತು ತೆಗೆದರೆ ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಅದು ಇಂಗ್ಲಿಷ್ ಅಧ್ಯಾಪಕರ ಹೊಲ, ಇವನಿಗಲ್ಲೇನು ಕೆಲಸ ಎನ್ನಬಹುದು. ಆದರೆ ಕನ್ನಡದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾನೆ, ಏಕೆ ಎಡವುತ್ತಾನೆ ಎಂಬುದು ಕನ್ನಡದ ವ್ಯಾಕರಣವನ್ನು ಬಲ್ಲವನಿಗೆ ಬೇಗ ತಿಳಿಯುತ್ತದೆ. ಇಂಗ್ಲಿಷ್ ಒಂದನ್ನೇ ಬಲ್ಲವನಿಗೆ ಅಲ್ಲಿ ಕಾಣುವುದು ಬರಿಯ ತಪ್ಪು. ಆ ತಪ್ಪಿನ ಹಿಂದೆ ಕನ್ನಡದ ಒಂದು ನಿಯಮ ಅಚ್ಚುಕಟ್ಟಾಗಿ ಕೆಲಸ ಮಾಡಿರುತ್ತದೆ ಎಂಬುದನ್ನು ತೋರಿಸುವುದಷ್ಟೇ ನನ್ನ ಇಂದಿನ ಉದ್ದೇಶ.

ಒಂದು ಸಣ್ಣ ವಾಕ್ಯದಿಂದ ಆರಂಭಿಸೋಣ. ‘ಪ್ಲೀಸ್ ಗಿವ್ ಮಿ ಎ ಹ್ಯಾಂಡ್.’ ಶಬ್ದಕ್ಕೆ ಶಬ್ದ ಇಟ್ಟು ಕನ್ನಡಕ್ಕೆ ತಂದರೆ ‘ದಯವಿಟ್ಟು ನನಗೆ ಕೈಕೊಡು’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಇದರ ಅರ್ಥ ಸ್ವಲ್ಪ ಸಹಾಯ ಮಾಡು ಎಂದು. ಕನ್ನಡದಲ್ಲಿಯಾದರೋ ಕೈಕೊಡುವುದೆಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟುಹೋಗುವುದು. ಮಳೆ ಕೈಕೊಡುತ್ತದೆ, ಪಾಲುದಾರ ಕೈಕೊಡುತ್ತಾನೆ, ಪರೀಕ್ಷೆಯ ದಿನ ನೆನಪು ಕೈಕೊಡುತ್ತದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಈ ವಾಕ್ಯವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, ‘ಸರ್, ನನಗ ಕೈ ಕೊಡು ಅಂತ ಯಾರರ ತಾವಾಗೇ ಕೇಳ್ತಾರೇನ್ರಿ?’ ಎಂದು ಕೇಳಿದ್ದ. ಜೊತೆಯವರು ನಕ್ಕರು. ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಅವನು ಎರಡು ಭಾಷೆಗಳ ನಡುವಿನ ಒಂದು ಬಿರುಕಿನ ಮೇಲೆ ಸರಿಯಾಗಿ ಬೆರಳಿಟ್ಟಿದ್ದ.

ಅವನಿಗೆ ನಾನು ಮರುಪ್ರಶ್ನೆ ಹಾಕಿದೆ. ‘ನಿಮ್ಮ ಊರಾಗ ಬಡ್ಡಿ ತಿನ್ನೋರು ಇದ್ದಾರೇನಪ?’ ‘ಭಾಳ ಮಂದಿ ಇದ್ದಾರ್ರಿ ಸರ್.’ ‘ಬಡ್ಡಿ ಹ್ಯಾಂಗಿರ್ತದ? ಸಿಹಿ ಇರ್ತದೋ, ಖಾರ ಇರ್ತದೋ?’ ಹುಡುಗ ಒಂದು ಕ್ಷಣ ಬಾಯಿ ತೆರೆದು ನಿಂತು, ಆಮೇಲೆ ತಾನೇ ನಗತೊಡಗಿದ.

ನಾವು ಬಡ್ಡಿ ತಿನ್ನುತ್ತೇವೆ, ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಬಿಡುವಿದ್ದಾಗ ಮತ್ತೊಬ್ಬರ ತಲೆಯನ್ನೂ ತಿನ್ನುತ್ತೇವೆ. ಬಾಯಿಗೆ ಹೋಗುವುದು ಇವುಗಳಲ್ಲಿ ಒಂದೂ ಇಲ್ಲ. ನುಡಿಗಟ್ಟೆಂಬುದರ ಲಕ್ಷಣವೇ ಇದು: ಅರ್ಥ ಬಿಡಿಬಿಡಿಯಾದ ಶಬ್ದಗಳಲ್ಲಿ ಇರುವುದಿಲ್ಲ, ಕಟ್ಟಿನಲ್ಲಿ ಇರುತ್ತದೆ, ಕಟ್ಟು ಬಿಚ್ಚಿದರೆ ಅರ್ಥ ಹಾರಿಹೋಗುತ್ತದೆ. ತಾಯಿಯ ಮಡಿಲಲ್ಲಿ ಕಲಿತ ಭಾಷೆಯಲ್ಲಿ ಇದು ನಮ್ಮ ಗಮನಕ್ಕೇ ಬರುವುದಿಲ್ಲ. ಪರಭಾಷೆಯಲ್ಲಿ ಮಾತ್ರ ಪ್ರತಿ ಶಬ್ದವೂ ನಿಘಂಟಿನಲ್ಲಿದ್ದಂತೆಯೇ ನಡೆದುಕೊಳ್ಳಬೇಕು ಎಂದು ನಿರೀಕ್ಷಿಸುತ್ತೇವೆ.

ಈ ಕಷ್ಟವನ್ನು ಎದುರು ದಿಕ್ಕಿನಿಂದ ಉಂಡವರೂ ಇದ್ದಾರೆ. ೧೮೫೩ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಶನ್ ಪಾದ್ರಿಯಾಗಿ ಬಂದ ಫರ್ಡಿನಾಂಡ್ ಕಿಟೆಲ್ ಕನ್ನಡದ ವಿದ್ಯಾರ್ಥಿಯೇ ಆಗಿದ್ದರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದವರಿಗೆ ಗೊತ್ತು, ಅದು ಶಬ್ದಾರ್ಥಗಳ ಪಟ್ಟಿ ಮಾತ್ರವಲ್ಲ. ಶಬ್ದದ ಕೆಳಗೆ ಅದು ಸೇರಿ ಬರುವ ಸಮಾಸಗಳು, ಜನ ಆಡುವ ಗಾದೆಗಳು ಸಾಲುಗಟ್ಟಿ ನಿಂತಿವೆ. ಕೈ ಎಂಬ ಒಂದಕ್ಷರದ ಶಬ್ದವನ್ನೇ ತೆಗೆದುಕೊಳ್ಳಿ. ಕೈಹಿಡಿ, ಕೈಬಿಡು, ಕೈಗೂಡು, ಕೈಮೀರು, ಕೈಚೆಲ್ಲು, ಕೈಕಟ್ಟು: ಇವು ಒಂದೊಂದೂ ಒಂದೊಂದು ದಾರಿ ಹಿಡಿದು ಹೋಗುತ್ತವೆ. ಹುಟ್ಟು ಕನ್ನಡಿಗನಿಗೆ ಇವನ್ನು ಬರೆದಿಡಬೇಕೆಂದು ತೋರುವುದು ಅಪರೂಪ. ಕಲಿಯುವವನ ಕಣ್ಣಿಗೆ ಮಾತ್ರ ಇವು ಎದ್ದು ಕಾಣುತ್ತವೆ. ಕಿಟೆಲ್ಲರು ದೊಡ್ಡ ನಿಘಂಟುಕಾರರಾದದ್ದಕ್ಕೆ ಅವರು ಹೊರಗಿನಿಂದ ಬಂದ ಕಲಿಕೆಯವರಾಗಿದ್ದುದೂ ಒಂದು ಕಾರಣ ಎಂದು ನನ್ನ ಭಾವನೆ.

ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಕೆಲವಕ್ಕೆ ಭೂಗೋಳ ತಿಳಿದಿರಬೇಕು. ‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಎಂಬುದೊಂದಿದೆ. ನ್ಯೂಕ್ಯಾಸಲ್ಲಿಗೆ ಇದ್ದಿಲು ಹೊರುವುದು. ಟೈನ್ ನದಿಯ ದಡದ ಆ ಊರು ಒಂದು ಕಾಲಕ್ಕೆ ಲಂಡನ್ನಿಗೆ ಹಡಗುಗಟ್ಟಲೆ ಕಲ್ಲಿದ್ದಲನ್ನು ಕಳಿಸುತ್ತಿತ್ತು ಎಂಬುದು ತಿಳಿಯದಿದ್ದರೆ ಆ ಮಾತಿನಲ್ಲಿ ಸ್ವಾರಸ್ಯವೇ ಇಲ್ಲ. ಗೈಡುಗಳಲ್ಲಿ ಇದಕ್ಕೆ ‘ನಿರರ್ಥಕ ಕಾರ್ಯ ಮಾಡು’ ಎಂಬ ಅರ್ಥ ಕೊಟ್ಟಿರುತ್ತಾರೆ. ಅರ್ಥ ಸರಿ, ಆದರೆ ಜೀವವಿಲ್ಲ. ‘ಕಲಬುರಗಿಗೆ ತೊಗರಿ ಒಯ್ದಂಗ’ ಎಂದು ಹೇಳಿ ನೋಡಿ. ನಮ್ಮ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾದದ್ದು, ೨೦೧೯ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತದ್ದು ಎಲ್ಲರಿಗೂ ತಿಳಿದಿದೆ. ಮುಂಗಾರಿನಲ್ಲಿ ತೊಗರಿಯ ಸಾಲಿನ ನಡುವೆ ನಡೆದು ಶಾಲೆಗೆ ಬಂದ ಹುಡುಗಿಗೆ ಆ ಇಂಗ್ಲಿಷ್ ಮಾತು ಇನ್ನೆಂದೂ ಮರೆಯುವುದಿಲ್ಲ.

ಇನ್ನು ಕೆಲವಕ್ಕೆ ಅರ್ಥ ತಿಳಿದರೂ ಸಾಲದು, ಎಲ್ಲಿ ಆಡಬೇಕೆಂಬುದೂ ತಿಳಿದಿರಬೇಕು. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ಬಕೀಟಿಗೆ ಒದ್ದರೆ ಸಾಯುವುದು ಹೇಗೆ? ಕೊಯ್ದ ಹಂದಿಯನ್ನು ಕಾಲು ಮೇಲಾಗಿ ತೂಗುಹಾಕುತ್ತಿದ್ದ ತೊಲೆಗೆ ಇಂಗ್ಲೆಂಡಿನ ಕೆಲವು ಕಡೆ ಬಕೆಟ್ ಎನ್ನುತ್ತಿದ್ದರು, ಅದರಿಂದ ಬಂದ ಮಾತಿದು ಎಂಬುದು ಒಂದು ವಿವರಣೆ. ಅದು ಹಾಗಿರಲಿ. ಇದನ್ನು ಕಲಿತ ವಿದ್ಯಾರ್ಥಿ ಉತ್ಸಾಹದಿಂದ ಸಂತಾಪಸೂಚಕ ಪತ್ರದಲ್ಲಿ ಬಳಸಿಬಿಟ್ಟರೆ ಏನು ಗತಿ! ನಮ್ಮಲ್ಲಿಯೂ ಹಿರಿಯರು ತೀರಿಕೊಳ್ಳುತ್ತಾರೆ, ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಬೇಡಾದವನು ಗೊಟಕ್ಕೆನ್ನುತ್ತಾನೆ. ಮೂರೂ ಸಾವೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟವನಿಗೆ ಊರಿನಲ್ಲಿ ನೀರು ಹುಟ್ಟುವುದಿಲ್ಲ. ‘ಕಿಕ್ ದ ಬಕೆಟ್’ ಗೊಟಕ್ಕೆನ್ನುವ ಜಾತಿಗೆ ಸೇರಿದ್ದು ಎಂದು ಒಮ್ಮೆ ಹೇಳಿದರೆ ಸಾಕು, ವಿದ್ಯಾರ್ಥಿ ತಾನೇ ಎಚ್ಚರವಹಿಸುತ್ತಾನೆ.

ನಮಗರಿವಿಲ್ಲದೆಯೇ ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ಕನ್ನಡದ ಉಡುಗೆ ತೊಟ್ಟು ಮನೆಯವರಾಗಿ ಬಿಟ್ಟಿವೆ. ಪತ್ರಿಕೆ ಓದುವವರು ದಿನವೂ ಅವುಗಳನ್ನು ಕಾಣುತ್ತಾರೆ. ಸಿಂಹಪಾಲು, ಬಿಳಿಯಾನೆ, ಶೀತಲ ಸಮರ, ಹಸಿರು ನಿಶಾನೆ, ಕೆಂಪುಪಟ್ಟಿ, ವಿಷಯದ ಮೇಲೆ ಬೆಳಕು ಚೆಲ್ಲುವುದು ಇವೆಲ್ಲ ಹಾಗೆ ಬಂದವು. ಶಾಸಕರ ‘ಕುದುರೆ ವ್ಯಾಪಾರ’ಕ್ಕೆ ಕುದುರೆಯೂ ಬೇಡ, ಜಾತ್ರೆಯೂ ಬೇಡ. ಈಸೋಪನ ನರಿಗೆ ಎಟುಕದ ದ್ರಾಕ್ಷಿ ಶಾಲೆಯ ಪಠ್ಯಪುಸ್ತಕಗಳ ಮೂಲಕ ಬಂದು ನಮ್ಮ ಹಳ್ಳಿಗಳಲ್ಲಿಯೂ ಹುಳಿಯಾಯಿತು, ನದಿಯಾಚೆಯ ವಿಜಯಪುರ ಸೀಮೆಯಲ್ಲಿ ದ್ರಾಕ್ಷಿಯ ತೋಟಗಳು ಹಬ್ಬುವ ಮೊದಲೇ. ಇವೆಲ್ಲ ಕನ್ನಡಕ್ಕೆ ಒಗ್ಗಿದವು. ಆದರೆ ಇತ್ತೀಚೆಗೆ ದೂರದರ್ಶನದ ಚರ್ಚೆಗಳಲ್ಲಿ ‘ದಿನದ ಕೊನೆಯಲ್ಲಿ’ ಎಂಬ ಮಾತು ಕಿವಿಗೆ ಬೀಳುತ್ತಿದೆ. ಸಾಯಂಕಾಲದ ಸುದ್ದಿಯೇ ಇಲ್ಲದ ಕಡೆ ಇದು ಬರುತ್ತದೆ. ‘ಎಷ್ಟೆಂದರೂ’, ‘ಕಡೆಗೂ’ ಎಂಬ ಮಾತುಗಳು ನಮ್ಮಲ್ಲಿ ಇರುವಾಗ ಇದರ ಅಗತ್ಯವೇನಿತ್ತೋ ಕಾಣೆ. ಯಾವುದನ್ನು ಬೆರೆಸಬೇಕು, ಯಾವುದು ಬೆರೆಯದು ಎಂಬ ವಿಚಾರ ನಮ್ಮ ಈ ನೆಲಕ್ಕೆ ಹೊಸದಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ಸಂಸ್ಕೃತಗಳ ಹೊಂದಾಣಿಕೆಯನ್ನು ಕುರಿತು ಇದೇ ಬಗೆಯ ಚಿಂತನೆ ನಡೆಸಿದೆ.

ನುಡಿಗಟ್ಟು ಮೇಲುನೋಟಕ್ಕೇ ವಿಚಿತ್ರವಾಗಿ ಕಾಣುವುದರಿಂದ ಕಲಿಯುವವನು ಅಲ್ಲಿ ಜಾಗ್ರತನಾಗಿರುತ್ತಾನೆ. ವ್ಯಾಕರಣ ಹಾಗಲ್ಲ, ಅದು ಸದ್ದಿಲ್ಲದೆ ಕೆಡವುತ್ತದೆ. ‘ಹ್ಯಾವ್’ ಎಂಬ ಕ್ರಿಯಾಪದವನ್ನು ನೋಡೋಣ. ಕನ್ನಡದಲ್ಲಿ ಇದಕ್ಕೆ ಸಮನಾದ ಕ್ರಿಯಾಪದವೇ ಇಲ್ಲ. ನನಗೆ ಇಬ್ಬರು ತಮ್ಮಂದಿರಿದ್ದಾರೆ. ನನ್ನ ಹತ್ತಿರ ಹತ್ತು ರೂಪಾಯಿ ಇದೆ. ನನಗೆ ಜ್ವರ ಬಂದಿದೆ. ಇಂಗ್ಲಿಷಿನವನು ಈ ಮೂರು ಕಡೆಯೂ ‘ಐ ಹ್ಯಾವ್’ ಎಂದು ತಾನು ಕರ್ತೃವಾಗಿ ನಿಲ್ಲುತ್ತಾನೆ. ತಮ್ಮಂದಿರು, ದುಡ್ಡು, ಜ್ವರ ಮೂರೂ ಅವನ ಸೊತ್ತು. ಕನ್ನಡಿಗನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಸರಿದು ನಿಂತು ತಮ್ಮಂದಿರನ್ನೂ ಜ್ವರವನ್ನೂ ಕರ್ತೃಸ್ಥಾನದಲ್ಲಿ ಕೂರಿಸುತ್ತಾನೆ. ಹಸಿವಾಗುವುದು, ಬೇಕಾಗುವುದು, ಗೊತ್ತಾಗುವುದು, ನೆನಪಾಗುವುದು ಎಲ್ಲವೂ ನಮ್ಮಲ್ಲಿ ‘ನನಗೆ’ ಆಗುವಂಥವು. ಇದು ವೇದಾಂತವೇನಲ್ಲ, ಬರಿಯ ವಾಕ್ಯರಚನೆ. ಆದರೆ ‘ಟು ಮಿ ಟೂ ಬ್ರದರ್ಸ್ ಆರ್ ದೇರ್’ ಎಂದು ಬರೆದ ಹುಡುಗಿಯ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆಯುವಾಗ ಅವಳು ಚತುರ್ಥಿಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದಾಳೆ ಎಂಬುದನ್ನಾದರೂ ನೆನೆಯಬೇಡವೆ? ‘ನಮ್ಮ ಭಾಷೆಯಲ್ಲಿ ನಮಗೆ ಇರುತ್ತದೆ, ಅವರ ಭಾಷೆಯಲ್ಲಿ ಅವರು ಹೊಂದಿರುತ್ತಾರೆ’ ಎಂದು ಒಂದೇ ಮಾತು ಹೇಳಿದರೆ ಅರ್ಧ ತೊಡಕು ಬಿಡಿಸಿದಂತೆ.

‘ಎ’ ಮತ್ತು ‘ದಿ’ ಎಂಬ ಎರಡು ಪುಟ್ಟ ಶಬ್ದಗಳು ನಮ್ಮವರನ್ನು ಕಾಡಿದಷ್ಟು ಇನ್ನಾವುವೂ ಕಾಡಿಲ್ಲ. ಕನ್ನಡದಲ್ಲಿ ಇವಿಲ್ಲ ಎನ್ನುತ್ತಾರೆ. ನಮ್ಮ ಅಜ್ಜಿಯರ ಕಥೆಯನ್ನು ಕೇಳಿ: ‘ಒಂದು ಊರಾಗ ಒಬ್ಬ ರಾಜ ಇದ್ದ. ಆ ರಾಜಗ ಮೂರು ಮಂದಿ ಮಕ್ಕಳು.’ ಮೊದಲ ಸಲ ಬಂದಾಗ ‘ಒಬ್ಬ ರಾಜ’, ಪರಿಚಯವಾದ ಮೇಲೆ ‘ಆ ರಾಜ’. ಇಂಗ್ಲಿಷಿನ ‘ಎ ಕಿಂಗ್’, ‘ದಿ ಕಿಂಗ್’ ಎಂಬುದರ ಹೃದಯವೆಲ್ಲ ಇಷ್ಟರಲ್ಲಿದೆ. ನಾವು ಇದನ್ನು ಬೇಕಾದಾಗ ಬಳಸುತ್ತೇವೆ, ಅವರು ಬಿಡುವಂತಿಲ್ಲ; ವ್ಯತ್ಯಾಸ ಅಲ್ಲಿದೆ. ಸ್ವರದ ಮುಂದೆ ‘ಎ’ ಹೋಗಿ ‘ಆನ್’ ಆಗುವುದನ್ನು ಕಂಡು ನಮ್ಮ ಯಕಾರಾಗಮ, ವಕಾರಾಗಮಗಳಂತೆ ಇದು ನಕಾರಾಗಮವೇ ಎಂದು ವ್ಯಾಕರಣ ಬಲ್ಲ ವಿದ್ಯಾರ್ಥಿ ಕೇಳಬಹುದು. ಆಗಮವಲ್ಲ, ಲೋಪ. ‘ಆನ್’ ಎಂಬುದೇ ಹಳೆಯ ರೂಪ, ‘ಒಂದು’ ಎಂದು ಅದರ ಅರ್ಥ. ವ್ಯಂಜನದ ಮುಂದೆ ನಕಾರ ಬಿದ್ದುಹೋಯಿತು. ಈ ನಕಾರ ಯಾರದೆಂದು ಇಂಗ್ಲಿಷರಿಗೇ ಗೊಂದಲವಾದದ್ದುಂಟು. ಅಡುಗೆಮನೆಯಲ್ಲಿ ಉಡುಪಿನ ಮೇಲೆ ಕಟ್ಟಿಕೊಳ್ಳುವ ‘ಏಪ್ರನ್’ ಮೂಲದಲ್ಲಿ ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂದದ್ದನ್ನು ‘ಆನ್ ಏಪ್ರನ್’ ಎಂದು ಒಡೆದುಕೊಂಡರು. ಕ್ರಿಕೆಟ್ಟಿನ ಅಂಪೈರೂ ಇದೇ ರೀತಿ ತನ್ನ ತಲೆಯ ನಕಾರವನ್ನು ಕಳೆದುಕೊಂಡವನು. ಭಾಷೆಯನ್ನು ಹುಟ್ಟಿನಿಂದ ಆಡುವವರೂ ಎಡವುತ್ತಾರೆ. ಅವರು ಎಲ್ಲರೂ ಕೂಡಿ ಎಡವಿದರೆ ಅದು ವ್ಯಾಕರಣವಾಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ಅದು ಹೌದು, ಇಲ್ಲ ಎಂಬ ಎರಡು ಮಾತು. ‘ನೀನು ಊಟ ಮಾಡಿಲ್ಲವೆ?’ ಎಂದು ಕೇಳಿದರೆ, ಮಾಡದಿದ್ದ ಕನ್ನಡಿಗ ‘ಹೌದು, ಮಾಡಿಲ್ಲ’ ಎನ್ನಬಲ್ಲ. ಅವನ ‘ಹೌದು’ ಕೇಳಿದವನ ಮಾತನ್ನು ಒಪ್ಪುತ್ತದೆ: ನೀನು ಹೇಳಿದ್ದು ನಿಜ. ಇಂಗ್ಲಿಷಿನ ‘ಯೆಸ್’ ಕೇಳಿದವನ ಕಡೆಗೆ ನೋಡುವುದೇ ಇಲ್ಲ. ಅದು ಸಂಗತಿಯನ್ನು ಮಾತ್ರ ನೋಡುತ್ತದೆ. ಊಟ ಆಗಿದ್ದರೆ ‘ಯೆಸ್’, ಆಗದಿದ್ದರೆ ‘ನೋ’, ಪ್ರಶ್ನೆ ಹೇಗೇ ಇರಲಿ. ಹಿಂದೊಮ್ಮೆ ಒಂದು ಆಯ್ಕೆ ಸಮಿತಿಯಲ್ಲಿ ನಾನು ಭಾಷಾವಿಷಯದ ಸದಸ್ಯನಾಗಿ ಕುಳಿತಿದ್ದೆ. ಸೇಡಂ ಕಡೆಯಿಂದ ಬಂದ ಅಭ್ಯರ್ಥಿಗೆ ಹೊರಗಿನಿಂದ ಬಂದ ಸದಸ್ಯರೊಬ್ಬರು ಇಂಗ್ಲಿಷಿನಲ್ಲಿ, ‘ಡೋಂಟ್ ಯು ಹ್ಯಾವ್ ಎನಿ ಟೀಚಿಂಗ್ ಎಕ್ಸ್‌ಪೀರಿಯನ್ಸ್?’ ಎಂದರು. ಅನುಭವ ಇಲ್ಲದ ಆತ ಪ್ರಾಮಾಣಿಕವಾಗಿ ‘ಯೆಸ್ ಸರ್’ ಎಂದ. ‘ಎಲ್ಲಿ?’ ಎಂಬ ಪ್ರಶ್ನೆ ಬಂತು. ಆತ ತಬ್ಬಿಬ್ಬಾದ. ಸದಸ್ಯರು ಆತನ ಅರ್ಜಿಯನ್ನು ತಿರುವಿ, ‘ಇಲ್ಲೇನೂ ಬರೆದಿಲ್ಲ, ಸುಳ್ಳು ಹೇಳುತ್ತಿದ್ದಾನೆ’ ಎಂದು ನನ್ನ ಕಡೆ ತಿರುಗಿದರು. ನಾನು ಅವನನ್ನು ಕನ್ನಡದಲ್ಲಿ ಕೇಳಿದೆ. ‘ಹೌದ್ರಿ ಸರ್, ಇಲ್ರಿ, ಅದನ್ನೇ ಹೇಳಿದೆನ್ರಿ’ ಎಂದ. ಅವನ ಕಣ್ಣಿನಲ್ಲಿ ನೀರಾಡಿತ್ತು. ಸಮಿತಿಯವರಿಗೆ ನಾನು ಎರಡು ನಿಮಿಷದ ವ್ಯಾಕರಣ ಪಾಠ ಮಾಡಬೇಕಾಯಿತು. ಅವರು ಕೇಳಿದರು ಕೂಡ. ಆದರೆ ವಿವರಿಸುವವರು ಎದುರಿಗೆ ಇಲ್ಲದ ಕೋಣೆಗಳಲ್ಲಿ ಎಷ್ಟು ಜನ ಸತ್ಯವಂತರು ಹೀಗೆ ಸುಳ್ಳುಗಾರರೆನಿಸಿಕೊಂಡು ಹಿಂದಿರುಗಿದ್ದಾರೋ!

ನಮ್ಮ ಸೀಮೆಯಲ್ಲಿ ಈ ಮಾತಿನ ತೂಕ ಸ್ವಲ್ಪ ಹೆಚ್ಚು. ನನ್ನ ಊರು ಸೊನ್ನ, ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿದೆ. ಮಹಾರಾಷ್ಟ್ರದಿಂದ ಪ್ರವಾಹ ಇಳಿದು ಬಂದಾಗ ಸೊನ್ನ ಬ್ಯಾರೇಜಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸುತ್ತದೆ. ೧೯೪೮ರವರೆಗೆ ಈಚೆಯ ದಂಡೆ ಹೈದರಾಬಾದು ಸಂಸ್ಥಾನ. ಆಚೆಯ ದಂಡೆ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಯಪುರ. ಹೊಳೆ ಒಂದೇ, ಎರಡೂ ದಂಡೆಯ ಜನ ಆಡುವುದು ಕನ್ನಡವೇ. ಆದರೆ ಆಚೆಯವರಿಗೆ ಮೇಲೇರುವ ಮೆಟ್ಟಿಲು ಇಂಗ್ಲಿಷ್, ಈಚೆಯವರಿಗೆ ಉರ್ದು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ನಮ್ಮ ಹಿರಿಯರು ಅನ್ನಕ್ಕಾಗಿ ಉರ್ದು ಕಲಿತರು, ಅದರ ನುಡಿಗಟ್ಟಿನ ನಯವನ್ನೂ ಸಾಧಿಸಿದರು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, ೧೯೫೬ರ ನವೆಂಬರ್ ೧ರಂದು ಎರಡೂ ದಂಡೆಗಳು ಒಂದೇ ರಾಜ್ಯವಾದವು. ಅಷ್ಟು ಕಷ್ಟಪಟ್ಟು ಕಲಿತ ಭಾಷೆಗೆ ಕಚೇರಿಯಲ್ಲಿ ಬೆಲೆ ಇಲ್ಲವಾಯಿತು. ‘ಅರ್ಜಿ ಗುಜರಾಯಿಸು’ ಎಂಬಂಥ ಕೆಲವು ಮಾತುಗಳು ಉಳಿದವು.

ಅವರ ಮಕ್ಕಳು ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಿದರು. ೨೦೦೭ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಬಂದಿತು. ಆದರೆ ಹಳ್ಳಿಯ ಮಗುವಿನ ಕಿವಿಗೆ ಮನೆಯಲ್ಲಿ, ಕಟ್ಟೆಯಲ್ಲಿ, ಸಂತೆಯಲ್ಲಿ ಇಂಗ್ಲಿಷ್ ವಾಕ್ಯ ಬೀಳುವುದಿಲ್ಲ. ಅದು ಕಣ್ಣಿನಿಂದ ಕಲಿಯುವ ಭಾಷೆ. ನುಡಿಗಟ್ಟಾದರೋ ಕಿವಿಯಿಂದ ಬರುವಂಥದು. ಪುಸ್ತಕಗಳೂ ಈ ಮಗುವನ್ನು ನೆನೆದು ಬರೆದವಲ್ಲ. ೧೯೩೦ರ ದಶಕದಲ್ಲಿ ಹೊರಬಂದು ಇಂದಿಗೂ ಮನೆಮನೆಯಲ್ಲಿರುವ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ನಾನು ಬಹಳ ಗೌರವಿಸುತ್ತೇನೆ. ರೆನ್ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು. ‘ಬೋ ಜೆಸ್ಟ್’ ಎಂಬ ಪ್ರಸಿದ್ಧ ಕಾದಂಬರಿಯನ್ನು ಬರೆದವರೂ ಅವರೇ. ಆ ಪುಸ್ತಕದ ನಿಯಮಗಳಲ್ಲಿ ಕೊರತೆಯಿಲ್ಲ, ಅಭ್ಯಾಸಗಳಲ್ಲಿ ಕೊರತೆಯಿಲ್ಲ. ಕಲಿಯುವವನ ಮನೆಮಾತು ಯಾವುದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವನು ತರಗತಿಯಲ್ಲಿರುವ ಮೇಷ್ಟ್ರು.

ಕೇಳಿದರೆ ದೊರೆಯುವ ಸಹಾಯ ಸಣ್ಣದಲ್ಲ. ಇಂಗ್ಲಿಷಿನ ‘ಇನ್’, ‘ಆನ್’, ‘ಅಟ್’ ಮೂರಕ್ಕೂ ನಮ್ಮ ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಬಹುಮಟ್ಟಿಗೆ ದುಡಿಯುತ್ತದೆ. ಆದ್ದರಿಂದಲೇ ನಮ್ಮವರಿಗೆ ಮೂರರಲ್ಲಿ ಆಯ್ಕೆ ಮಾಡುವುದು ಕಷ್ಟ. ‘ಅವಳ ಜೊತೆ ಮದುವೆಯಾಯಿತು’ ಎನ್ನುವುದರಿಂದ ‘ಮ್ಯಾರೀಡ್ ವಿತ್’ ಎಂದು ಬರೆಯುತ್ತಾರೆ. ಅವರಲ್ಲಿ ಅದು ‘ಟು’. ಇಂಥವನ್ನು ಕಂಠಪಾಠ ಮಾಡದೆ ಗತಿಯಿಲ್ಲ, ಬೇರೆ ಉಪಾಯ ಹೇಳುವವರನ್ನು ನಂಬಬೇಡಿ. ಆದರೆ ‘ಲುಕ್ ಫಾರ್’, ‘ಲುಕ್ ಇಂಟು’, ‘ಲುಕ್ ಆಫ್ಟರ್’ ಎಂದು ಒಂದೇ ಧಾತುವಿಗೆ ಬಾಲ ಅಂಟಿದಂತೆಲ್ಲ ಅರ್ಥ ಬದಲಾಗುವುದನ್ನು ಕಂಡು ಹೆದರುವವರಿಗೆ ನಾನು ಕನ್ನಡದ ‘ನೋಡು’ ತೋರಿಸುತ್ತೇನೆ. ‘ಕೂಸಿನ್ನ ನೋಡ್ಕೋ’ ಎಂದು ತಾಯಿ ಹೇಳಿದರೆ ಅದು ಸಾಕ್ಷಾತ್ ‘ಲುಕ್ ಆಫ್ಟರ್’. ‘ನಿನ್ನ ನೋಡ್ಕೋತೀನಿ’ ಎಂದು ನೆರೆಹೊಲದವನು ಬದುವಿನ ಮೇಲೆ ನಿಂತು ಹೇಳಿದರೆ ಅದಕ್ಕೆ ಪೊಲೀಸು ಠಾಣೆಯವರು ಅರ್ಥ ಹೇಳಬೇಕು. ‘ನೋಡೋಣ’ ಎಂದು ಸಾಹೇಬರು ಹೇಳಿದರೆ ಕೆಲಸ ಆಗುವುದಿಲ್ಲ ಎಂದರ್ಥ. ಇಷ್ಟೆಲ್ಲವನ್ನು ಆರು ವರ್ಷಕ್ಕೇ ಅರಗಿಸಿಕೊಂಡ ಬುದ್ಧಿಗೆ ‘ಲುಕ್’ ಧಾತುವಿನ ನಾಲ್ಕು ಬಾಲಗಳು ಭಾರವೆ?

ಪಾಠದ ಕೊನೆಗೆ ವಿದ್ಯಾರ್ಥಿಗಳು ತಾವೇ ಕನ್ನಡದ ನುಡಿಗಟ್ಟುಗಳನ್ನು ತಂದು ‘ಇದಕ್ಕ ಇಂಗ್ಲಿಷಿನಾಗ ಏನಂತಾರ್ರಿ?’ ಎಂದು ನನ್ನನ್ನು ಪರೀಕ್ಷಿಸುವುದುಂಟು. ಒಮ್ಮೆ ಒಬ್ಬ ಹುಡುಗಿ ‘ಹೊಟ್ಟಿಗಿ ಹಾಕ್ಕೋ’ ಎಂಬುದನ್ನು ತಂದಿದ್ದಳು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು, ಎಂದರೆ ಮನ್ನಿಸುವುದು. ‘ಫರ್ಗಿವ್’ ಎಂಬ ಶಬ್ದವಿದೆ, ಆದರೆ ಅದರಲ್ಲಿ ಹೊಟ್ಟೆ ಇಲ್ಲ ಎಂದು ಅವಳ ತಕರಾರು. ಹೊಟ್ಟೆ ಅವರಲ್ಲಿಯೂ ಇದೆ. ‘ಸ್ಟಮಕ್’ ಎಂಬ ನಾಮಪದವನ್ನೇ ಅವರು ಕ್ರಿಯಾಪದ ಮಾಡಿ ಸಹಿಸಿಕೊಳ್ಳು, ನುಂಗಿಕೊಳ್ಳು ಎಂಬ ಅರ್ಥದಲ್ಲಿ ಬಳಸುತ್ತಾರೆ. ಒಂದೇ ಒಂದು ವ್ಯತ್ಯಾಸ. ಅವರು ಅದನ್ನು ಬಹುಪಾಲು ನಿಷೇಧದ ಜೊತೆಗೇ ಆಡುವುದು: ‘ಐ ಕೆನಾಟ್ ಸ್ಟಮಕ್ ಇಟ್.’ ಹುಡು‍ಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ‘ನಮ್ಮವ್ವ ದಿನಾ ಹಾಕ್ಕೋತಾಳ್ರಿ ಸರ್’ ಎಂದಳು.